ಕೆಂಪು ಚುಕ್ಕೆ ಬಿದ್ದ ಪೈಪು

ನನ್ನ ಗಂಡ ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಲು ಸಂಬಳ ಕೊಡುತ್ತಾರೆಂಬುದು ಮದುವೆಯಾಗಿ ಇಲ್ಲಿಗೆ ಬಂದ ಮೇಲೆಯೇ ನನಗೆ ತಿಳಿದದ್ದು. ವಿಜಯಪುರದ ನಮ್ಮ ಓಣಿಯಲ್ಲಿ ಈ ಕೆಲಸವನ್ನು ಅತ್ತೆಯಂದಿರು ಪುಕ್ಕಟೆಯಾಗಿ ಮಾಡುತ್ತಿದ್ದರು.

ಕಾರ್ಖಾನೆಯಲ್ಲಿ ಪಾಸಾದ ಸಾಮಾನಿಗೆ ಇವರು ಒಂದು ಚುಕ್ಕೆ ಬಣ್ಣ ಇಡುತ್ತಿದ್ದರು. ಫೇಲಾದದ್ದು ಪಕ್ಕದ ಟ್ರೇಗೆ ಹೋಗುತ್ತಿತ್ತು. ನಿವೃತ್ತಿಯಾದ ಮರುವಾರವೇ ಆ ಪದ್ಧತಿ ಕುಷಾಯಿಗೂಡದ ನಮ್ಮ ಮನೆಗೆ ಬಂತು. ಬಣ್ಣ ಮಾತ್ರ ನನ್ನ ಕೆಂಪು ನೇಲ್ ಪಾಲಿಶ್. ಕುಕ್ಕರಿನ ಹಿಡಿ, ಗ್ಯಾಸಿನ ಪೈಪು, ಬಚ್ಚಲಿನ ನಲ್ಲಿ, ಎಲ್ಲಕ್ಕೂ ಒಂದೊಂದು ಚುಕ್ಕೆ ಬಿತ್ತು. ಆ ಬಾಟಲಿಯಲ್ಲಿ ನನ್ನ ಉಗುರಿಗೆ ಸಿಕ್ಕದ್ದಕ್ಕಿಂತ ಕುಕ್ಕರಿಗೆ ಸಿಕ್ಕದ್ದೇ ಹೆಚ್ಚು. ಫ್ರಿಜ್ಜಿನ ಮೇಲೆ ಒಂದು ಪ್ಲಾಸ್ಟಿಕ್ ಟ್ರೇ ಕೂಡ ಬಂದು ಕೂತಿತು. ಅದರೊಳಗೆ ಬಿದ್ದದ್ದು ಹಿಂದಿರುಗಿ ಬಂದದ್ದನ್ನು ನಾನು ಕಂಡಿರಲಿಲ್ಲ.

ನಮ್ಮ ಬಿಳಿ ಕಾರಿಗೆ ಹದಿನೆಂಟು ವರ್ಷ. ಅದನ್ನು ಓಡಿಸುವುದನ್ನು ನಾನು ಕಲಿತದ್ದು ಐವತ್ತನೆಯ ವಯಸ್ಸಿನಲ್ಲಿ, ಇವರು ಡ್ಯೂಟಿಗೆ ಹೋದ ಹೊತ್ತಿನಲ್ಲಿ, ಹೇಳದೆ ಕೇಳದೆ. ನನ್ನ ಬದುಕಿನಲ್ಲಿ ಇವರ ಚುಕ್ಕೆ ಬೀಳದೆ ಆದ ಕೆಲಸ ಅದೊಂದೇ. ಅದಕ್ಕೇ ಅದರ ಮೇಲೆ ನನಗೆ ಅಷ್ಟು ಪ್ರೀತಿ. ಆದರೆ ಮೂರು ವರ್ಷದಿಂದ ಕಾರು ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಚಳಿಜ್ವರ ಬಂದವರಂತೆ ನಡುಗಿ ಆರಿಹೋಗುತ್ತಿತ್ತು. ಇವರು ಓಡಿಸಿದಾಗ ಆರುತ್ತಿರಲಿಲ್ಲ. ಏಕೆಂದರೆ ಇವರು ಸಿಗ್ನಲ್ಲಿನಲ್ಲಿ ಹಸಿರು ದೀಪ ಬರುವ ತನಕ ಆಕ್ಸಿಲರೇಟರ್ ಒತ್ತಿ ಗುರ್ ಗುರ್ ಅನ್ನಿಸುತ್ತಲೇ ಇರುತ್ತಿದ್ದರು. ಕೇಳಿದರೆ ಅದೇ ಸರಿಯಾದ ರೀತಿ ಎನ್ನುತ್ತಿದ್ದರು.

"ಗಾಡಿ ಬರೊಬ್ಬರಿ ಐತಿ. ನಿನ್ನ ಬಲಗಾಲ ನೆಟ್ಟಗ ನಿಂದ್ರೂದಿಲ್ಲ," ಇದು ಇವರ ತೀರ್ಪು. ಅದರ ಹಿಂದೆಯೇ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ. ಮೂರು ವರ್ಷ ಆ ಗಾದೆ ಕೇಳಿ ಕೇಳಿ ನಾನೂ ನಂಬತೊಡಗಿದ್ದೆ. ಅಡುಗೆಮನೆಯಲ್ಲಿ ನಿಂತಾಗ ಬಲಗಾಲು ನಡುಗುತ್ತಿದೆಯೇ ಎಂದು ಬಗ್ಗಿ ನೋಡಿಕೊಂಡದ್ದೂ ಉಂಟು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಹೋದ ವರ್ಷ ನನ್ನ ಅಕ್ಕ ಊರಿಂದ ರೈಲಿನಲ್ಲಿ ಬಂದಳು. ಲಿಂಗಂಪಲ್ಲಿ ಸ್ಟೇಷನ್ನಿನಿಂದ ನಾನೇ ಕರೆತಂದೆ. ದಾರಿಯಲ್ಲಿ ಕಾರು ಐದು ಸಲ ಆರಿತು. ಹಿಂದಿನ ಲಾರಿಯವನು ತೆಲುಗಿನಲ್ಲಿ ಬೈದ, ಮುಂದಿನ ಆಟೋದವನು ಹಿಂದಿಯಲ್ಲಿ ಬೈದ, ಅಕ್ಕ ಎಲ್ಲ ದೇವರಿಗೂ ಕೈಮುಗಿಯುತ್ತಾ ಕೂತಳು. ಮನೆ ಮುಟ್ಟಿದ ಮೇಲೆ ಅಕ್ಕ ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟಳು. ಇವರು ಕಾರಿನ ಕೀಲಿಯನ್ನು ತೆಗೆದು ಫ್ರಿಜ್ಜಿನ ಮೇಲಿನ ಟ್ರೇಗೆ ಹಾಕಿದರು. ಕಾರು ಮಾರುವುದು, ನಾನು ಇನ್ನು ಆಟೋದಲ್ಲಿ ತಿರುಗುವುದು ಎಂದು ಆ ಸಂಜೆಯೇ ನಿಶ್ಚಯವಾಯಿತು. ನಾನು ಜಗಳವಾಡಲಿಲ್ಲ. ಒಳಗೆ ಹೋಗಿ ಅತ್ತುಬಿಟ್ಟೆ.

ಮಾರುವ ಮುನ್ನ ಗಾಡಿಯಲ್ಲಿ ದೋಷವಿಲ್ಲವೆಂದು ಒಬ್ಬ ಮೆಕ್ಯಾನಿಕ್ ಬಾಯಿಂದ ಹೇಳಿಸಬೇಕಿತ್ತು ಇವರಿಗೆ. ನಮ್ಮ ಚೌರಸ್ತಾದ ಹಿಂದೆ ಒಬ್ಬ ವಯಸ್ಸಾದ ಉಸ್ತಾದರ ಶೆಡ್ಡಿದೆ. ಅಲ್ಲಿಗೆ ಒಂದು ಹಾಳೆ ಬರೆದುಕೊಂಡು ಹೊರಟರು. ದೋಷ: ಎಂಜಿನ್ ನಿಂತಲ್ಲಿ ಆರುವುದು. ಕಾರಣ: ಓಡಿಸುವವರ ಅಭ್ಯಾಸ. ಕಾಲು ಹೇಗಿಡಬೇಕೆಂದು ಉಸ್ತಾದರೇ ಹೇಳಲಿ ಅಂತ ನನ್ನನ್ನೂ ಜೊತೆಗೆ ಕರೆದೊಯ್ದರು.

ಉಸ್ತಾದರು ಹಾಳೆಯನ್ನು ಗೌರವದಿಂದ ಇಸಿದುಕೊಂಡು ಚಹಾ ಗ್ಲಾಸಿನ ಕೆಳಗಿಟ್ಟರು. ಬಾನೆಟ್ ಎತ್ತಿಸಿ, ಎಂಜಿನ್ ಚಾಲೂ ಮಾಡಿಸಿ, ಕಿವಿ ಕೊಟ್ಟು ನಿಂತರು. ಸಣ್ಣಗೆ ಸುಂಯ್ ಎಂಬ ಸದ್ದು ನನಗೂ ಕೇಳಿಸಿತು. ಆಮೇಲೆ ಪೆನ್ನಿನಷ್ಟು ದಪ್ಪದ ಒಂದೊಂದೇ ಪೈಪನ್ನು ಎರಡು ಬೆರಳಲ್ಲಿ ಹಿಸುಕಿ ಬಿಡತೊಡಗಿದರು. ನಾಲ್ಕನೆಯದನ್ನು ಹಿಸುಕಿದಾಗ ನಡುಕ ನಿಂತೇಹೋಯಿತು. ಬಿಟ್ಟರು, ಮತ್ತೆ ನಡುಗಿತು.

"ಗಾಡಿ ಹವಾ ಪೀರೀ ಅಮ್ಮಾ," ಎಂದರು, ಇವರಿಗಲ್ಲ, ನನಗೆ. ಗಾಡಿ ಗಾಳಿ ಕುಡಿಯುತ್ತಿದೆಯಂತೆ. ಎಂಜಿನ್ ಗಾಳಿ ಎಳೆದುಕೊಳ್ಳುವ ವ್ಯಾಕ್ಯೂಮ್ ಪೈಪುಗಳು ಇವು, ಬಿರುಕು ಬಿಟ್ಟರೆ ಬೇಡದ ಗಾಳಿ ಒಳಗೆ ಹೋಗುತ್ತದೆ, ನಿಂತಲ್ಲಿ ಆರುತ್ತದೆ ಎಂದು ಬಿಡಿಸಿ ಹೇಳಿದರು. ಕಾಲಿಗೂ ಅದಕ್ಕೂ ಏನು ಸಂಬಂಧ ಎಂದು ಇವರ ಮುಖ ನೋಡಿಯೇ ನಾನು ಕೇಳಿದೆ. ಉಸ್ತಾದರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಆದರೆ ಉಳಿದ ಪೈಪುಗಳು ಕಪ್ಪಗಿದ್ದವು, ಈ ನಾಲ್ಕನೆಯದು ಮಾತ್ರ ಹಳದಿಗಟ್ಟಿದ ಗಾಜಿನ ಬಣ್ಣದ್ದು. ಉಸ್ತಾದರು ಅದನ್ನು ಬ್ಲೇಡಿನಿಂದ ಸೀಳಿ ತೆಗೆದು, ಬೆಳಕಿಗೆ ಹಿಡಿದು, "ಯೇ ಕೌನ್ ಕರೇ?" ಎಂದರು. ಯಾರ ಕೈಕೆಲಸ ಎಂದು ಕೇಳುವ ಅಗತ್ಯ ನನಗಿರಲಿಲ್ಲ. ತುದಿಯಲ್ಲಿ ನನ್ನ ನೇಲ್ ಪಾಲಿಶಿನ ಕೆಂಪು ಚುಕ್ಕೆ ಇತ್ತು.

ನೆನಪಾಯಿತು. ಮೂರು ವರ್ಷದ ಹಿಂದೆ ಇಲಿ ಕಾರಿನ ಒಂದು ಪೈಪು ಕಡಿದಿತ್ತು. ಇವರು ಮೀನಿನ ತೊಟ್ಟಿಯ ಗಾಳಿ ಪೈಪನ್ನು ಕತ್ತರಿಸಿ ಜೋಡಿಸಿದ್ದರು. ಒಂದೂ ಮೀನನ್ನು ಬದುಕಿಸದ ಪೈಪು ಅದು. ಆಮೇಲೆ ತಮ್ಮ ಕೆಲಸವನ್ನು ತಾವೇ ಪರೀಕ್ಷಿಸಿ ತಾವೇ ಪಾಸು ಮಾಡಿಕೊಂಡಿದ್ದರು. ನೆಲ ನಿಜವಾಗಿಯೂ ಡೊಂಕಾಗಿತ್ತು, ಡೊಂಕು ಮಾಡಿದವರೇ ಮೂರು ವರ್ಷ ನನಗೆ ಗಾದೆ ಹೇಳಿದ್ದರು. ಇವರು ಶೆಡ್ಡಿನ ತಗಡಿನ ಛಾವಣಿಯನ್ನು ಬಹಳ ಹೊತ್ತು ಪರೀಕ್ಷಿಸಿದರು.

ಉಳಿದವೂ ಬಗ್ಗಿಸಿದರೆ ಹಪ್ಪಳದಂತೆ ಮುರಿಯುತ್ತಿದ್ದವು. ಎಲ್ಲವನ್ನೂ ಬಿಚ್ಚಿ ನಂಬರ್ ಹಾಕಿ ಸಾಲಾಗಿಡುವುದೇ ಪದ್ಧತಿ ಎಂದು ಇವರು ಅಷ್ಟರಲ್ಲೂ ಸಲಹೆ ಕೊಟ್ಟರು. ಉಸ್ತಾದರು ಕೇಳಲಿಲ್ಲ. ಒಂದು ಬಿಚ್ಚುವುದು, ಅದೇ ಅಳತೆಗೆ ಹೊಸ ರಬ್ಬರ್ ಕತ್ತರಿಸುವುದು, ಹಾಕುವುದು, ಆಮೇಲೆ ಇನ್ನೊಂದು. ಕೊನೆಗೆ ಎಂಜಿನ್ ಚಾಲೂ ಮಾಡಿ ಚಹಾ ಗ್ಲಾಸನ್ನು ಅದರ ಮೇಲೇ ಇಟ್ಟರು. ಚಹಾ ಅಲುಗಲಿಲ್ಲ. ಮೊದಲು ಗ್ಲಾಸಿನ ಕೆಳಗಿದ್ದ ಇವರ ಹಾಳೆಯಲ್ಲಿ ಕೈಯ ಜಿಡ್ಡು ಒರೆಸಿಕೊಂಡರು.

ಉಸ್ತಾದರು ಕೀಲಿಯನ್ನು ನನ್ನ ಕೈಗೇ ಕೊಟ್ಟದ್ದರಿಂದ ಮನೆಗೆ ನಾನೇ ಓಡಿಸಿದೆ. ಚೌರಸ್ತಾದ ಸಿಗ್ನಲ್ಲಿನಲ್ಲಿ ಬಲಗಾಲನ್ನು ಪೂರಾ ಎತ್ತಿ ಬದಿಗಿಟ್ಟುಕೊಂಡೆ. ಎಂಜಿನ್ ತನ್ನ ಪಾಡಿಗೆ ನಡೆಯುತ್ತಿತ್ತು. ಪಕ್ಕದಲ್ಲಿ ಕೂತ ಇವರ ಕಾಲು ಮಾತ್ರ ಮ್ಯಾಟನ್ನು ಒತ್ತುತ್ತಲೇ ಇತ್ತು.

ಮನೆಗೆ ಬಂದದ್ದೇ ಇವರು ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಬಾಟಲಿ ತಂದು, ಬಾನೆಟ್ ಎತ್ತಿ ಹೊಸ ಪೈಪುಗಳಿಗೆ ಚುಕ್ಕೆ ಇಡತೊಡಗಿದರು. ತಪ್ಪಾಯಿತು ಎಂಬ ಒಂದು ಮಾತು ಈಗ ಬರಬಹುದು, ಆಗ ಬರಬಹುದು ಎಂದು ಕಾದೆ. ಬರಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ಬಲಗಾಲು ಮುಂದೆ ಚಾಚಿದೆ.

"ಇದಕ್ಕೂ ಒಂದು ಇಡ್ರಿ. ಮೂರು ವರ್ಷದಿಂದ ಫೇಲಾಗಿ ಬಿದ್ದೈತಿ."

ಇವರು ಗೇಟಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆ ಕಾಲನ್ನು ಇವರು ಹಿಡಿದದ್ದು ಒಂದೇ ಸಲ, ಮದುವೆಯ ದಿನ ಕಾಲುಂಗುರ ತೊಡಿಸುವಾಗ. ಅದೂ ಭಟ್ಟರು ಹೇಳಿದ್ದಕ್ಕೆ. ನಿಧಾನವಾಗಿ ಮಂಡಿಯೂರಿ, ಪಾದವನ್ನು ಅಂಗೈಯಲ್ಲಿ ಹಿಡಿದು, ಹೆಬ್ಬೆರಳ ಉಗುರಿಗೆ ಒಂದು ಚುಕ್ಕೆ ಇಟ್ಟರು.

"ಒಣಗೂ ತನಕಾ ಅಲಗ್ಯಾಡಬ್ಯಾಡ," ಎಂದರು.

ನಾನು ಕಾಲು ಅಲುಗಿಸಲಿಲ್ಲ. ಕೈ ಮಾತ್ರ ಚಾಚಿದೆ. ಇವರು ಬಾಟಲಿಯ ಮುಚ್ಚಳ ಬಿಗಿ ಮಾಡಿ, ಜೇಬಿನಿಂದ ಕೀಲಿ ತೆಗೆದು ಕೊಟ್ಟರು.