ಕೆಂದ ಹಸುವೂ ಅಟ್ಟದ ಮೂಲೆಯೂ

ನಾನು ಚಿಕ್ಕವನಿದ್ದಾಗ ಶೆಟ್ಟಿಕೆರೆ ಕಡೆಯ ನಮ್ಮೂರಲ್ಲಿ ಮನೆಗೊಂದು ಅಟ್ಟವಿತ್ತು. ಸುಲಿಯದ ತೆಂಗಿನಕಾಯಿಗಳನ್ನು ಅಲ್ಲಿ ವರ್ಷವಿಡೀ ಪೇರಿಸಿಟ್ಟರೆ, ಕೆಳಗಿನ ಒಲೆಯ ಬಿಸಿಗೆ ನೀರು ಇಂಗಿ ಒಳಗೊಳಗೇ ಕೊಬ್ಬರಿಯಾಗುತ್ತಿತ್ತು. ಮನೆಯ ತುಂಬ ಹೊಗೆ, ಎಣ್ಣೆ ಬೆರೆತ ಘಮ.

ಆ ವರ್ಷ ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಅಪ್ಪ ಮೊದಲ ಬುಟ್ಟಿ ಇಳಿಸಿ ಕಾಯಿ ಒಡೆದ. ಎಲ್ಲ ಕೊಳೆತಿದ್ದವು. ಅಜ್ಜಿ ಸೀದಾ ಕೊಟ್ಟಿಗೆಯ ಕಡೆ ಕೈ ತೋರಿಸಿದಳು. ಅಲ್ಲಿ ಹೊಸದಾಗಿ ಕೊಂಡ ಕೆಂದ ಹಸುವಿತ್ತು. ಅದರ ಬೆನ್ನ ಮೇಲೆ ಕೂದಲು ಸುತ್ತಿಕೊಂಡು ಸುಳಿಯಾಗಿತ್ತು. ನಮ್ಮ ಕಡೆ ದನ ಕೊಳ್ಳುವವರು ಹಲ್ಲಿಗಿಂತ ಮೊದಲು ಸುಳಿ ನೋಡುತ್ತಿದ್ದರು.

"ಕೆಟ್ಟ ಸುಳಿ ಕಣ್ಲಾ, ಅವತ್ತೇ ಬಡ್ಕೊಂಡೆ. ಅದು ಬಂತು, ಅಟ್ಟ ಹೋಯ್ತು," ಎಂದಳು ಅಜ್ಜಿ.

"ಬುಡವ್ವ, ನಾಳೆ ಸಂತೆಗೆ ಹೊಡೀತೀನಿ," ಎಂದ ಅಪ್ಪ.

ಅಕ್ಕ ಏನೂ ತಿನ್ನದೆ ನನ್ನ ಜೊತೆ ಶಾಲೆಗೆ ಬಂದಳು. ಆ ಹಸು ಅವಳ ಕೈಯಿಂದಲ್ಲದೆ ಹುಲ್ಲು ಮುಟ್ಟುತ್ತಿರಲಿಲ್ಲ.

ಪಾಠದ ನಡುವೆ ಮೇಷ್ಟ್ರು, "ಕಾಗೆ ಕೂಗಿದ್ರೆ ನೆಂಟರು ಬರ್ತಾರಾ?" ಎಂದು ಕೇಳಿದರು. ಬರ್ತಾರೆ ಎಂದೆವು. "ಕೂಗಿಯೂ ಬರದ ದಿನ ಇಲ್ವಾ?"

ಹಿಂದಿನ ಸಾಲಿನವನೊಬ್ಬ, "ಕಾಗೆ ದಿನಾ ಕೂಗ್ತದೆ ಸಾ. ದಿನಾ ನೆಂಟ್ರು ಬಂದಿದ್ರೆ ನಮ್ಮವ್ವ ತವರಿಗೆ ಓಡೋಗಿರೋಳು," ಎಂದ.

ನಗು ನಿಂತ ಮೇಲೆ ಮೇಷ್ಟ್ರು ಹೇಳಿದರು: "ಒಂದಾದ ಮೇಲೆ ಇನ್ನೊಂದು ಆಯ್ತು ಅಂದ ಮಾತ್ರಕ್ಕೆ, ಅದರಿಂದಲೇ ಇದು ಆಯ್ತು ಅನ್ಬೇಡಿ. ಬೇರೆ ಕಾರಣ ಇರಬಹುದಾ ಅಂತ ಕೇಳಿ. ಕೇಳಿ ಸುಮ್ಮನೆ ಕೂರಬೇಡಿ, ಹೋಗಿ ನೋಡಿ."

ಅಕ್ಕ ನನ್ನತ್ತ ತಿರುಗಿದಳು.

ಸಂಜೆ ಇಬ್ಬರೂ ಅಟ್ಟ ಹತ್ತಿದೆವು. ಏಣಿಯ ಬಳಿಯ ಕಾಯಿ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗುಂಡು ಉರುಳುವ ಸದ್ದು. ನಡುವಿನವೂ ಹಾಗೇ. ಅಪ್ಪ ಬುಟ್ಟಿ ತುಂಬಿಸಿದ್ದ ಹಿತ್ತಿಲ ಮೂಲೆಯವು ಮಾತ್ರ ಮೂಕ; ಸಿಪ್ಪೆಯೂ ಒದ್ದೆ. ತಲೆಯೆತ್ತಿದರೆ, ತೆಂಗಿನ ಗರಿ ಬಿದ್ದು ಹೆಂಚು ಸರಿದ ಕಡೆ ಆಕಾಶ ಕಾಣುತ್ತಿತ್ತು.

"ಹಸು ದೋಷ ಆಗಿದ್ರೆ ಹೆಂಚು ಸರಿದ ಮೂಲೆಗೇ ಯಾಕಪ್ಪ?" ಎಂದು ಅಕ್ಕ ಕೆಳಗಿಳಿದು ಅಪ್ಪನನ್ನು ಕೇಳಿದಳು.

ಅಪ್ಪ ತಾನೇ ಹತ್ತಿ, ಕಾಯಿಗಳನ್ನು ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಿ ಇಳಿದ. "ನಾಳೆ ಸಂತೆ ಬೇಡ, ಹೆಂಚು ತರ್ತೀನಿ," ಎಂದ. ಅಕ್ಕ ಅವತ್ತು ಕೇಳಿ ಕೇಳಿ ಮುದ್ದೆ ಹಾಕಿಸಿಕೊಂಡಳು. ಅಜ್ಜಿ ಮಾತ್ರ ಅದೇ ಹಸುವಿನ ಹಾಲು ಕುಡಿಯುತ್ತ, "ಆದ್ರೂ ಸುಳಿ ಸುಳಿಯೇ," ಎಂದು ಗೊಣಗಿದಳು.

ಮುಂದೆ ನಾನು ಬರಿಗೈಯಲ್ಲಿ ಕೊಬ್ಬರಿ ವ್ಯಾಪಾರಕ್ಕಿಳಿದೆ. ದರ ಬಿತ್ತು ಎನ್ನಲು ದಲ್ಲಾಳಿ ಒಂದು ಕಾರಣ ಹೇಳಿದರೆ, ಎರಡನೆಯದನ್ನು ನಾನೇ ಹುಡುಕುತ್ತಿದ್ದೆ. ಬದುಕಿದ್ದೇ ಹಾಗೆ. ಮೊಮ್ಮಕ್ಕಳೇ, ನೀವೂ ಹಾಗೇ ಮಾಡಿ, ಕೆಡುವುದಿಲ್ಲ.

ನಿಮ್ಮ ಪುಸ್ತಕದಲ್ಲಿ ಇದಕ್ಕೆ ವಿಮರ್ಶಾತ್ಮಕ ಚಿಂತನೆ ಎಂಬ ದೊಡ್ಡ ಹೆಸರಿದೆ. ಪರೀಕ್ಷೆಯಲ್ಲಿ ಚೆನ್ನಾಗಿ ಬರೆಯುತ್ತೀರಿ. ನಿಮ್ಮ ತಾರಸಿ ಮನೆಯಲ್ಲಿ ಅಟ್ಟವಿಲ್ಲ, ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಆದರೂ ತಪ್ಪು ಹೊರಿಸಲು ಯಾರಾದರೊಬ್ಬರು ಬೇಕೇ ಬೇಕು. ಮೊನ್ನೆ ಟೀವಿ ನಿಂತಾಗ, ತಂಗಿ ಮುಟ್ಟಿದ್ದಕ್ಕೇ ಕೆಟ್ಟಿತೆಂದು ಅವಳನ್ನು ಅಳಿಸಿದಿರಿ. ಪಕ್ಕದ ಮನೆಯಲ್ಲಿ ಕರೆಂಟಿದೆಯೇ ಎಂದು ಯಾರೂ ಹೋಗಿ ನೋಡಿರಲಿಲ್ಲ.