ಅಣ್ಣನ ಬದಲಿ ಅಮೋಘಿ

ಬಾವಿ ಕಟ್ಟುವ ಗೌಂಡಿ ಅಮೋಘಿಯ ಹೆಸರು ಅವನ ಊರು ಕಳ್ಳಕವಟಗಿಯಲ್ಲೇ ಬಹಳ ಜನಕ್ಕೆ ಗೊತ್ತಿರಲಿಲ್ಲ. "ಖಂಡಪ್ಪನ ತಮ್ಮ" ಎಂದರೆ ತಿಳಿಯುತ್ತಿತ್ತು. ನಮ್ಮ ಕಡೆ ಮಾಡಿಕೊಡುತ್ತೇನೆಂದು ಒಪ್ಪಿ ಕೆಲಸಕ್ಕೆ ವೀಳ್ಯ ಹಿಡಿದವನಿಗೆ ಬರಲಾಗದಿದ್ದರೆ ಮನೆಯ ಇನ್ನೊಬ್ಬ ಹೋಗುವುದು ರೂಢಿ. ಮಾತು ಮನೆತನದ್ದು, ಆಳಿನದಲ್ಲ. ಖಂಡಪ್ಪ ಸಿಕ್ಕಸಿಕ್ಕವರ ವೀಳ್ಯ ಹಿಡಿಯುತ್ತಿದ್ದ, ತನಗೆ ಪುರಸೊತ್ತಾಗದ ಕೆಲಸಕ್ಕೆ ತಮ್ಮನನ್ನು ಅಟ್ಟುತ್ತಿದ್ದ. ಬಾವಿ ಮುಗಿದ ದಿನ ಕಾಯಿ ಒಡೆಸಿ ರುಮಾಲು ಸುತ್ತಿಸಿಕೊಳ್ಳಲು ಮಾತ್ರ ತಾನೇ ಬರುತ್ತಿದ್ದ. ಅಮೋಘಿಗೆ ಇದ್ದ ಆಸೆ ಒಂದೇ, ತನ್ನ ಹೆಸರಿನಲ್ಲಿ ಒಂದು ಕೆಲಸ. ನನ್ನ ಅಂಗಡಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಅದನ್ನು ಹೇಳಿ, "ನಮ್ಮಣ್ಣಗ ಹೇಳಬ್ಯಾಡ್ರಿ ಮತ್ತ" ಎಂದು ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಬಸಗೊಂಡಪ್ಪ, ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಕಬ್ಬಿಣ, ಸಿಮೆಂಟು ಮಾರುವವನು. ಎಪ್ಪತ್ತೇಳರ ಬೇಸಿಗೆಯಲ್ಲಿ ಮಸ್ಕತ್ತಿನ ಒಂದು ಕಂಪನಿಗೆ ಕಲ್ಲುಕೆಲಸದ ಗೌಂಡಿಗಳು ಬೇಕಾದರು. ಆಳು ಆರಿಸಿ ಕಳಿಸುವ ಅದರ ಮುಂಬಯಿ ಮನುಷ್ಯ ಲಾಲಸಾಬ ಮೂಲದಲ್ಲಿ ನಮ್ಮೂರವನೇ. ಅವನು ಬಂದು ಕೆಲಸ ನೋಡಿ ಖಂಡಪ್ಪನನ್ನು ಒಪ್ಪಿದ. ಓಡಾಡಿ ಪಾಸ್‌ಪೋರ್ಟು ಮಾಡಿಸಿದವನು ನಾನು. ಹೊರದೇಶಕ್ಕೆ ಹೋಗಲು ಸರಕಾರದ ಪರವಾನಗಿಯೂ ಬಂತು. ಮುಂಬಯಿಗೆ ಹೊರಡುವ ದಿನ ಸ್ಟೇಷನ್ನಿಗೆ ಹೋಗಿ ನೋಡಿದರೆ, ಗಂಟು ಹಿಡಿದು ಅಮೋಘಿ ನಿಂತಿದ್ದಾನೆ!

"ನಿಮ್ಮಣ್ಣ ಎಲ್ಲಿ ಅದಾನೋ?"

"ತಿಕೋಟಾದಾಗ ರೇವಪ್ಪನ ಬಾವಿ ಅರ್ಧಕ್ಕ ನಿಂತೈತ್ರಿ. ಹಚ್ಚಿದ ಕೈನ ಮುಗಸಬೇಕು, ನಡುವ ಕೈ ಬದಲಾದ್ರ ಕಟ್ಟಡ ನಿಲ್ಲೂದಿಲ್ಲ ಅಂತಾನ. ಮಸ್ಕತ್ತಿಗೆ ನೀ ಹೋಗು ಅಂದಾನ್ರಿ."

"ಮಸ್ಕತ್ತಂದ್ರ ಏನು ಇಲ್ಲೇ ಮಗ್ಗಲ ಬಬಲೇಶ್ವರ ಅಂತ ತಿಳದಾನೇನೋ ಆ ಹುಂಬ!" ಎಂದು ಕೂಗಾಡಿದೆ. ಸಿಟ್ಟು ಇಳಿದ ಮೇಲೆ, ಇರಲಿ, ಖಂಡಪ್ಪನಿಗೆ ನಾಲ್ಕು ದಿನ ವಾಯಿದೆಯಾದರೂ ಲಾಲಸಾಬನನ್ನು ಕೇಳೋಣ ಎಂದು ಅವನನ್ನೇ ಗಾಡಿ ಹತ್ತಿಸಿಕೊಂಡು ಹೋದೆ.

ಮುಂಬಯಿಯಲ್ಲಿ ಅಮೋಘಿ ಪಾಸ್‌ಪೋರ್ಟನ್ನು ಲಾಲಸಾಬನ ಮುಂದಿಟ್ಟು, "ಇದರಾಗಿನಾಂವ ನಮ್ಮಣ್ಣರಿ. ನಾ ಬದಲಿ ಬಂದೇನಿ" ಎಂದ. ಲಾಲಸಾಬ ಹಣೆ ಹಣೆ ಬಡಿದುಕೊಂಡ.

"ಯಪ್ಪಾ, ಇದು ನಡಿಯೂದಿಲ್ಲೋ! ಹೆಸರು, ಕಸಬು, ಮುಖ ಮೂರೂ ಕೂಡಬೇಕು. ಇರಾಕ ಜಾಗ, ತಿರುಗಿ ಬರೂ ಖರ್ಚು, ಬ್ಯಾನಿ ಬಿದ್ರ ದವಾಖಾನಿ, ಇಷ್ಟು ಕೊಡತೇವಂತ ಸರಕಾರದ ಮುಂದ ಕಂಪನಿ ಸಹಿ ಮಾಡೇತಿ. ಅದು ಖಂಡಪ್ಪನ ಹೆಸರಿಗೆ. ನಾಳಿ ನೀ ಅಲ್ಲಿ ಬಿದ್ದು ಕಾಲು ಮುರಕೊಂಡ್ರ ನಾವು ಯಾರ ಕಾಲಿಗೆ ಪಟ್ಟಿ ಕಟ್ಟಸಬೇಕು? ಬದಲಿ ಒಯ್ದದ್ದು ಗೊತ್ತಾದ್ರ ಇನ್ನೊಮ್ಮೆ ಆಳು ಒಯ್ಯಾಕ ಕಂಪನಿಗೆ ಬಿಡೂದಿಲ್ಲ." ನಾನು ವಾಯಿದೆ ಕೇಳಿದ್ದಕ್ಕೆ, ಖಂಡಪ್ಪನ ಸರದಿ ಹೋಯಿತು ಎಂದು ತಲೆಯಾಡಿಸಿದ. ಆಮೇಲೆ ಸ್ವಲ್ಪ ಮೆತ್ತಗಾಗಿ ಅಮೋಘಿಯನ್ನು ಕೇಳಿದ. "ನಿನ್ನ ಹೆಸರೇನು?"

"ಖಂಡಪ್ಪನ ತಮ್ಮರಿ."

"ಅದಲ್ಲೋ ಮಾರಾಯಾ, ನಿನ್ನ ಹೆಸರು!"

"ಅಮೋಘಿ" ಎನ್ನುವಾಗ ಅವನ ದನಿ ಬದಲಾಗಿತ್ತು. ಕೆಲಸ ಬರುತ್ತದೆಯೇ ಎಂದು ಲಾಲಸಾಬ ಕೇಳಿದ್ದಕ್ಕೆ, "ಕಲ್ಲು ಕೊಡ್ರಿ, ತೋರಸ್ತೇನಿ" ಎಂದ. ಹತ್ತಿರದಲ್ಲೇ ಕಟ್ಟಡ ನಡೆದಿತ್ತು. ಅಮೋಘಿ ಉಳಿ, ಸುತ್ತಿಗೆ ಹಿಡಿದು ಕುಳಿತ. ಕಲ್ಲು ಕೆತ್ತಿ ಒಂದು ಮೂಲೆ ಎಬ್ಬಿಸಿ, ನೆಟ್ಟಗಿದೆಯೇ ಎಂದು ತೂಗುಗುಂಡು ಬಿಟ್ಟು ನೋಡಿ ಎದ್ದ. ಲಾಲಸಾಬ ಆ ಕಲ್ಲಿನ ಮೇಲೆ ಕೈ ಆಡಿಸಿ, "ಮೊದಲು ನಿನ್ನ ಪಾಸ್‌ಪೋರ್ಟು ಮಾಡಸು. ಪರವಾನಗಿ ನಾ ತರಸ್ತೇನಿ" ಎಂದ. ಊರಿಗೆ ಮರಳುವ ಗಾಡಿಯಲ್ಲಿ ಅಮೋಘಿ ಹಾಡು ಹೇಳುತ್ತ ಬಂದ. ಅವನಿಗೆ ಹಾಡಲು ಬರುತ್ತದೆ ಎಂದು ನನಗೆ ತಿಳಿದದ್ದೇ ಆವತ್ತು.

ಅವನ ಪಾಸ್‌ಪೋರ್ಟು ಆಯಿತು. ದೀಪಾವಳಿ ಮುಗಿದ ಮೇಲೆ ಅವನ ಹೆಸರಿನ ಪರವಾನಗಿ ಕಾಗದ ಬಂತು. ಕಳ್ಳಕವಟಗಿಗೆ ಹೋಗಿ ನಾನೇ ಓದಿ ಹೇಳಿದೆ. ಅವರವ್ವ ಹುಚ್ಚವ್ವ ಸಕ್ಕರೆ ತಂದು ಎಲ್ಲರ ಬಾಯಿಗೆ ಹಾಕಿದಳು. ಅಷ್ಟರಲ್ಲಿ ಖಂಡಪ್ಪ ಬಂದ. ಅವನಲ್ಲಿ ಕಪಟವಿರಲಿಲ್ಲ, ಹುಟ್ಟಿದಾಗಿನಿಂದ ನಡೆದುಬಂದದ್ದನ್ನೇ ಹೇಳಿದ.

"ಚಲೋ ಆತು. ರೇವಪ್ಪನ ಬಾವಿ ಮುಗದೈತಿ, ಈಗ ನಾ ಮಸ್ಕತ್ತಿಗೆ ಹೊಂಟೆ. ಆ ಕಾಗದ ಇತ್ತ ಕೊಡು ತಮ್ಮಾ. ನಿಡೋಣಿ ಊರಾಗ ಒಂದು ಬಾವಿಗೆ ವೀಳ್ಯ ಹಿಡದೇನಿ, ಅದನ್ನ ನೀ ನೋಡ್ಕೊ."

ಹಾಕಿದ ಗೆರೆ ದಾಟಿದವನಲ್ಲ ಅಮೋಘಿ, ಕೊಟ್ಟೇಬಿಡುತ್ತಾನೆ ಎಂದುಕೊಂಡೆ. ಅವನು ಕಾಗದ ಬಿಡಲಿಲ್ಲ.

"ಇಲ್ಲಣ್ಣಾ. ಇದರಾಗ ನನ್ನ ಹೆಸರೈತಿ. ನಾನ ಹೋಗಾಂವ."

ಖಂಡಪ್ಪ ಅವ್ವನ ಮುಖ ನೋಡಿದ. "ನನ್ನೇನು ನೋಡ್ತೀಯೋ? ಅವನ ಬಾಯಾಗ ಇಲ್ಲ ಅನ್ನೂದು ಕೇಳಾಕ ಇಷ್ಟು ವರ್ಷ ಬದುಕೇನಿ ನಾ" ಎಂದಳು ಹುಚ್ಚವ್ವ. ಖಂಡಪ್ಪ ನನ್ನ ಕಡೆ ನೋಡಿದ. ನಾನು ಚಾವಣಿಯ ತೊಲೆ ಎಣಿಸತೊಡಗಿದೆ.

"ಹಂಗಾರ ನಿಡೋಣಿ ಬಾವಿಗೆ ಯಾರು ಹೋಗೂದು?" ಎಂದ ಖಂಡಪ್ಪ.

"ವೀಳ್ಯ ಹಿಡದಾಂವ" ಎಂದು ಅಮೋಘಿ ಕಾಗದವನ್ನು ಮಡಚಿ ಅಂಗಿಯ ಒಳಕಿಸೆಗೆ ಇಟ್ಟುಕೊಂಡ.