ಮನೆ ಸಾಗಿಸುವವರ ಮನೆಗೆ ಬಾರದ ಪಾರಿವಾಳ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ನಾಲ್ಕನೆಯ ಮಹಡಿಯ ಮೇಲಿನ ತಾರಸಿಯಲ್ಲಿ, ನೀರಿನ ಟ್ಯಾಂಕಿಗೂ ಬಟ್ಟೆ ಒಣಹಾಕುವ ತಂತಿಗೂ ನಡುವೆ, ಅಗಲ ಭುಜದ ಗಿಡ್ಡ ಮನುಷ್ಯರೊಬ್ಬರು ಮರದ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಒಂದು ಕೈಯಲ್ಲಿ ಕಾಳಿನ ಡಬ್ಬಿ, ಇನ್ನೊಂದು ಕೈ ಚಿಲಕದ ಮೇಲೆ. ಒಳಗೆ ಪಾರಿವಾಳಗಳು ಗುಟುರು ಹಾಕುತ್ತಿವೆ. ಚಿಲಕ ಮಾತ್ರ ಸರಿಯುತ್ತಿಲ್ಲ.

“ತೆಗೀರಿ ಸುಮ್ನೆ,” ಎನ್ನುತ್ತಾರೆ ಹಿಂದೆ ನಿಂತ ಹೆಂಡತಿ. “ಊರಿನವರ ಬಾಗಿಲೆಲ್ಲ ಕಳಚಿ ಹೆಗಲ ಮೇಲೆ ಹೊರ್ತೀರ. ಈ ಅಂಗೈಯಗಲದ ಬಾಗಿಲು ತೆಗೆಯೋಕೆ ಇಷ್ಟು ಹೊತ್ತಾ?”

“ಚಿಲಕ ಬಿಗಿಯಾಗಿದೆ ಕಣೇ. ಚಳಿ.”

ಮನೆ ಸಾಗಿಸುವುದು ಅವರ ಕೆಲಸ. ಮಂಚ ಬಿಚ್ಚಿ, ಫ್ರಿಜ್ಜಿಗೆ ಕಂಬಳಿ ಸುತ್ತಿ, ಹಗ್ಗ ಬಿಗಿದು ಲಾರಿಗೆ ಏರಿಸುತ್ತಾರೆ. ಇನ್ನೊಂದು ಬೀದಿಯಲ್ಲಿ ಇಳಿಸಿ, ಮೊದಲಿದ್ದ ಹಾಗೆಯೇ ಜೋಡಿಸಿಕೊಡುತ್ತಾರೆ. ಪ್ರಾಯದಲ್ಲಿ ಕಬ್ಬಿಣದ ಬೀರುವೊಂದನ್ನು ಒಬ್ಬರೇ ಬೆನ್ನ ಮೇಲೆ ಹೊತ್ತು ಮಹಡಿ ಹತ್ತಿದ್ದರಂತೆ. ಅಂದಿನಿಂದ ಎಲ್ಲರ ಬಾಯಲ್ಲೂ ಅವರು ‘ಬೀರು’. ಈಗ ಮಂಡಿ ಮಾತು ಕೇಳುವುದಿಲ್ಲ. ಆದರೂ ಬೆಳಿಗ್ಗೆ ಒಂದು ಮನೆ, ಮಧ್ಯಾಹ್ನ ಒಂದು ಮನೆ. ಹೊಸ ಮನೆಯವರು ಬಾಗಿಲು ಹಾಕಿಕೊಂಡ ಮೇಲೆ ಅವರನ್ನು ನೆನೆಯುವುದಿಲ್ಲ. ಗೋಡೆಗೆ ಗೀರು ಬಿದ್ದಿದ್ದರೆ ನೆನೆಯುತ್ತಾರೆ.

“ನಾನು ಇಳಿಸಿದ ಸಾಮಾನು ಯಾವುದೂ ನನ್ನ ತಿರುಗಿ ನೋಡಲ್ಲ,” ಎಂದು ಹಕ್ಕಿ ನೋಡಲು ಬಂದ ನನಗೆ ಹೇಳುತ್ತಾರೆ ಬೀರು. “ಇವು ನೋಡ್ತವೆ. ಎಲ್ಲೇ ಬಿಟ್ರೂ ಸಂಜೆಗೆ ವಾಪಸ್ ಬರ್ತವೆ. ಅದಕ್ಕೇ ಸಾಕಿದೆ.”

ಮೈತುಂಬ ಧೂಳು ಮೆತ್ತಿಕೊಂಡು ಬಂದರೂ ಈ ಹಕ್ಕಿಗಳು ಅವರ ಮುಖವನ್ನು ಗುರುತಿಸುತ್ತವೆ. ಒಮ್ಮೆ ಲಾರಿ ಡ್ರೈವರು ಅವರದೇ ಅಂಗಿ ತೊಟ್ಟು ಡಬ್ಬಿ ಅಲ್ಲಾಡಿಸಿದಾಗ ಎಲ್ಲವೂ ಬೆನ್ನು ತಿರುಗಿಸಿ ಕೂತವು. ಮರಿಗಳಿಗಾಗಿ ತಾಯಿಯ ಗಂಟಲ ಚೀಲದಲ್ಲಿ ಹಾಲಿನಂಥದ್ದು ಊರುತ್ತದೆ; ತಂದೆಯ ಗಂಟಲಲ್ಲೂ ಊರುತ್ತದೆ. ಬೀರು ಅವರ ಹೆಂಡತಿ ಮೊದಲು ಹಿಕ್ಕೆ ಗುಡಿಸುತ್ತ ಶಪಿಸುತ್ತಿದ್ದರು. ಗಂಡು ಹಕ್ಕಿ ಮರಿಗೆ ಹಾಲೂಡುವುದನ್ನು ಕಂಡ ದಿನ ಪೊರಕೆ ಕೆಳಗಿಟ್ಟು ಗಂಡನನ್ನು ಕರೆದರಂತೆ: “ಬನ್ನಿ ಇಲ್ಲಿ, ನೋಡಿ ಕಲೀರಿ.”

ಗೊತ್ತಿಲ್ಲದ ಊರಲ್ಲಿ ಬಿಟ್ಟರೂ ಗೂಡಿಗೆ ಮರಳುವುದು ಇವುಗಳ ದೊಡ್ಡ ವಿದ್ಯೆ. ಸೂರ್ಯನನ್ನು ನೋಡಿಯೋ, ಭೂಮಿಯ ಕಾಂತಶಕ್ತಿಯಿಂದಲೋ, ಗಾಳಿಯ ವಾಸನೆಯಿಂದಲೋ, ವಿಜ್ಞಾನಿಗಳ ಚರ್ಚೆ ಇನ್ನೂ ಮುಗಿದಿಲ್ಲ. ಈ ವರ್ಷ ಆ ವಿದ್ಯೆಯೇ ಬೀರು ಅವರಿಗೆ ಮುಳುವಾಗಿದೆ.

ಅವರು ಬಾಡಿಗೆಗಿದ್ದ ಕಟ್ಟಡ ಹಳೆಯದಾಗಿ, ಕೆಡವಲು ತೀರ್ಮಾನವಾಯಿತು. ನಗರದ ಇನ್ನೊಂದು ತುದಿಯಲ್ಲಿ ಈ ಮನೆ ಸಿಕ್ಕಿತು. ಗಿರಾಕಿಗಳ ಮನೆಯನ್ನು ಹೇಗೆ ಸಾಗಿಸುತ್ತಿದ್ದರೋ ಗೂಡನ್ನೂ ಹಾಗೆಯೇ ಸಾಗಿಸಿದರು. ಒಂದು ಹಲಗೆಯೂ ಬದಲಾಗದಂತೆ, ಬಾಗಿಲು ಅದೇ ದಿಕ್ಕಿಗೆ ಬರುವಂತೆ ನಿಲ್ಲಿಸಿದರು. ಒಂದು ವಾರ ಒಳಗಿಟ್ಟು, ಧೈರ್ಯವಾಗಿ ಬಾಗಿಲು ತೆಗೆದರು. ಹಕ್ಕಿಗಳು ಒಂದು ಸುತ್ತು ಹಾಕಿ ಹಾರಿಹೋದವು. ಕೆಲಸ ಮುಗಿಸಿ ಹುಡುಕಿಕೊಂಡು ಹೋದರೆ, ಹಳೆಯ ತಾರಸಿಯಲ್ಲಿ ಗೂಡಿನ ನಾಲ್ಕು ಕಾಲುಗಳ ಗುರುತು ಉಳಿದಿದ್ದ ಜಾಗದಲ್ಲಿ ಒತ್ತೊತ್ತಾಗಿ ಕೂತಿದ್ದವು.

“ಗೂಡು ಅಂದ್ರೆ ಪೆಟ್ಟಿಗೆ ಅಂದ್ಕೊಂಡಿದ್ದೆ,” ಎನ್ನುತ್ತಾರೆ. “ಸಾಮಾನು ಸಾಗಿಸೋನ ಬುದ್ಧಿ. ಅವಕ್ಕೆ ಗೂಡು ಅಂದ್ರೆ ಜಾಗ.”

ಎಳೆಯವು ಮೆಲ್ಲಗೆ ಒಗ್ಗಿಕೊಂಡವು. ಒಗ್ಗದೆ ಉಳಿದದ್ದು ‘ಅಜ್ಜಿ’. ರೆಕ್ಕೆಯಲ್ಲಿ ಒಂದೇ ಬಿಳಿ ಗರಿಯಿರುವ ಬೂದು ಹೆಣ್ಣು, ಗೂಡಿನ ಮೊದಲ ಹಕ್ಕಿ. ಬಿಟ್ಟಾಗೆಲ್ಲ ಹಳೆಯ ತಾರಸಿಗೆ ಹೋಗುತ್ತಾಳೆ, ಬೀರು ಬುಟ್ಟಿಯಲ್ಲಿ ಹಿಡಿದು ತರುತ್ತಾರೆ. ಗರಿ ಕತ್ತರಿಸು ಎಂದರು ಪಾರಿವಾಳ ಸಾಕುವ ಗೆಳೆಯರು. ಜೀವನಪೂರ್ತಿ ಒಳಗೇ ಇಡು ಎಂದರು. ಬೀರು ಒಪ್ಪಲಿಲ್ಲ. “ಹಾರೋ ಹಕ್ಕೀನ ಕೂಡಿಹಾಕಿದ್ರೆ ಅದು ಸಾಕಿದ ಹಾಗಾ? ಗೋಡೌನಲ್ಲಿ ಇಟ್ಟ ಹಾಗೆ.”

ಬದಲಿಗೆ ಅವರು ಕಾದರು. ಅಜ್ಜಿಯ ಜೋಡಿ ಬೇರೆ ಗೂಡಿನಿಂದ ಬಂದು ಇಲ್ಲೇ ನೆಲೆಸಿದ ಗಂಡು. ಅದಕ್ಕೆ ಮನೆಯಲ್ಲಿ ‘ಮನೆಅಳಿಯ’ ಎಂದೇ ಹೆಸರು. ಹೊಸ ತಾರಸಿಯಲ್ಲಿ ಎರಡೂ ಕಡ್ಡಿ ಕೂಡಿಸಿದವು, ಮೊಟ್ಟೆಗೆ ಕಾವು ಕೊಟ್ಟವು. ಗೂಡಿನ ಮುಂದೆ ಬೀರು ತಂತಿಯ ಪಂಜರ ಕಟ್ಟಿಕೊಟ್ಟರು, ಅಜ್ಜಿ ಅಲ್ಲಿ ಕೂತು ಸುತ್ತಲಿನ ಚಾವಣಿಗಳನ್ನು ನೋಡಲಿ ಎಂದು. ಈಗ ಒಳಗೆ ಹಳದಿ ಕೂದಲಿನ ಎರಡು ಮರಿಗಳಿವೆ. ಅಲ್ಲಿ ಹಳೆಯ ಕಟ್ಟಡವನ್ನು ಕೆಡವುವುದು ಇಂದೇ ಶುರು. ಅಜ್ಜಿ ಅಲ್ಲಿಗೇ ಹೋಗಿ ಕೂತರೆ, ಕಾಲ ಕೆಳಗಿನ ತಾರಸಿ ಇರುವುದಿಲ್ಲ. ಬೆದರಿ ಎತ್ತ ಹಾರಿದರೂ ಬುಟ್ಟಿ ಹಿಡಿದು ಹುಡುಕಲು ಜಾಗವಿಲ್ಲ.

“ಹಾಗಾದರೆ ಇವತ್ತು ಯಾಕೆ ಬಿಡ್ತೀರಿ?” ಎಂದು ಕೇಳುತ್ತೇನೆ.

“ಇನ್ನೂ ತಡೆದ್ರೆ ಮರಿಗಳು ಬೆಳೆದುಬಿಡ್ತವೆ, ಅವಳು ಬೇಕಾಗಲ್ಲ. ಈಗ ಬೇಕು. ಅದು ಅವಳಿಗೂ ಗೊತ್ತು.”

ಚಿಲಕ ಸರಿಯುತ್ತದೆ. ಅಜ್ಜಿ ಹೊಸ್ತಿಲಲ್ಲಿ ನಿಂತು ಕತ್ತು ಕೊಂಕಿಸಿ ನಮ್ಮನ್ನು ನೋಡುತ್ತಾಳೆ. ಮರುಕ್ಷಣ ರೆಕ್ಕೆ ಪಟಪಟ ಬಡಿದ ಸದ್ದು. ಟ್ಯಾಂಕಿನ ಮೇಲೆ ಒಂದು ಸುತ್ತು, ಆಚೆ ಬೀದಿಯ ಮೇಲೆ ಇನ್ನೊಂದು, ಆಮೇಲೆ ನೆಟ್ಟಗೆ ಹಳೆಯ ದಿಕ್ಕಿಗೆ. ಸ್ವಲ್ಪ ಹೊತ್ತಿಗೆ ಫೋನು ಹೊಡೆದುಕೊಳ್ಳುತ್ತದೆ. ಹಳೆಯ ಬೀದಿಯಲ್ಲಿ ಲಾರಿ ನಿಲ್ಲಿಸಿಕೊಂಡಿರುವ ಡ್ರೈವರು.

“ಬೀರೂ, ಬಂದ್ಳು ಕಣೋ ನಿಮ್ಮಜ್ಜಿ. ಅದೇ ಮೂಲೆ. ಕೆಡವೋ ಮಶೀನು ಬಂದು ನಿಂತಿದೆ. ಹಿಡೀಲಾ?”

“ಬೇಡ.”

“ತಲೆ ಸರಿ ಇದೆಯಾ ನಿಂಗೆ?”

“ಹಿಡೀಬೇಡ ಅಂದೆನಲ್ಲ. ಹಾರನ್ನೂ ಹೊಡೀಬೇಡ. ಇರ್ಲಿ ಬಿಡು.”

ಹೆಂಡತಿ ಚಪ್ಪಲಿ ಮೆಟ್ಟಿ ಬುಟ್ಟಿ ಎತ್ತಿಕೊಂಡಾಗಿದೆ. ಬೀರು ಅದನ್ನು ಮೆಲ್ಲಗೆ ಅವರ ಕೈಯಿಂದ ಬಿಡಿಸಿ ಗೂಡಿನ ಹಿಂದಕ್ಕೆ ಇಡುತ್ತಾರೆ. “ಪ್ರತಿ ಸಲ ನಾನು ಹೋಗಿ ತರ್ತೀನಿ. ನಾನು ಬರೋದನ್ನ ಕಾಯೋಕೆ ಕಲಿತುಬಿಟ್ಟಿದ್ದಾಳೆ. ಇವತ್ತು ನಾನು ಹೋಗಲ್ಲ.” ಒಳಗೆ ಮರಿಗಳು ಚೀರತೊಡಗಿವೆ. ಮನೆಅಳಿಯ ಒಂದಕ್ಕೆ ಉಣಿಸಿ, ಇನ್ನೊಂದರತ್ತ ತಿರುಗುತ್ತಾನೆ. ಬೀರು ಡಬ್ಬಿ ಅಲ್ಲಾಡಿಸುತ್ತ ನಿಂತಿದ್ದಾರೆ. ಕಟಕಟ, ಕಟಕಟ. ಬಿಸಿಲು ಟ್ಯಾಂಕಿನ ನೆತ್ತಿಗೆ ಬಂದರೂ ಕೈ ನಿಲ್ಲುವುದಿಲ್ಲ.

ಮತ್ತೆ ಫೋನು. “ಮಶೀನು ಶುರು ಮಾಡಿಬಿಟ್ರು ಬೀರು. ಎದ್ದೋದ್ಳು. ಧೂಳಲ್ಲಿ ಯಾವ ಕಡೆ ಅಂತ ಕಾಣ್ಲಿಲ್ಲ.”

ಕಟಕಟ, ಕಟಕಟ. ಹೆಂಡತಿ ಹಣೆಗೆ ಕೈಯಡ್ಡ ಹಿಡಿದು ಚಾವಣಿಗಳನ್ನೆಲ್ಲ ಜಾಲಾಡುತ್ತಿದ್ದಾರೆ. ಮೊದಲು ಕಂಡದ್ದೂ ಅವರಿಗೇ. “ರೀ,” ಎನ್ನುತ್ತಾರೆ, ಅಷ್ಟೇ. ಬಟ್ಟೆಯ ತಂತಿಯ ಮೇಲೆ ಸಿಮೆಂಟಿನ ಧೂಳು ಮೆತ್ತಿದ ಒಂದು ಹಕ್ಕಿ. ರೆಕ್ಕೆಯ ಬಿಳಿ ಗರಿಯೂ ಬೂದಾಗಿದೆ. ಅದು ಬೀರು ಅವರತ್ತ ನೋಡುವುದೂ ಇಲ್ಲ. ಕೆಳಗಿಳಿದು, ಡಬ್ಬಿಯನ್ನು ದಾಟಿ, ಅದರಿಂದ ಚೆಲ್ಲಿದ ಕಾಳನ್ನು ತುಳಿದು, ನೇರ ಒಳಗೆ ನಡೆಯುತ್ತದೆ. ಚೀರಾಟ ನಿಲ್ಲುತ್ತದೆ.

“ಚಿಲಕ ಹಾಕ್ರೀ ಬೇಗ! ಮತ್ತೆ ಹೋದ್ರೆ?”

ಬೀರು ಡಬ್ಬಿಯ ಮುಚ್ಚಳ ತಿರುಗಿಸುತ್ತಾರೆ. ಗೋಡೆಯ ಮೊಳೆಯಿಂದ ಹಗ್ಗದ ಸುರುಳಿ ತೆಗೆದು ಹೆಗಲಿಗೇರಿಸುತ್ತಾರೆ. ಯಾರದೋ ಮನೆ ಕಾಯುತ್ತಿದೆ.

“ಹಿಡಿದು ತಂದಾಗ ಹಾಕ್ತಿದ್ದೆ,” ಎಂದು ಮೆಟ್ಟಿಲಿಳಿಯುತ್ತಾರೆ. “ಇವತ್ತು ತಾನಾಗೇ ಬಂದಿದ್ದಾಳೆ. ತೆಗೆದೇ ಇರ್ಲಿ.”